ಅಪ್ಪನ ರಕ್ತದ ಲೆಕ್ಕ

ನನ್ನ ಪದ್ಯಗಳಲ್ಲಿ ರಕ್ತ ಎಂಬ ಮಾತು ಇಪ್ಪತ್ತೇಳು ಸಲ ಬಂದಿದೆಯಂತೆ. ಎಣಿಸಿದವಳು ನಾನಲ್ಲ, ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿ. "ನಿನ್ನ ರಕ್ತ ಒಂದಾ ಕುದೀತದೆ, ಇಲ್ಲಾ ಹರೀತದೆ. ಅದಕ್ಕೆ ಬೇರೆ ಕೆಲಸ ಇಲ್ವೇನೇ?" ಅಂತ ನಗಾಡಿದ್ದಳು. ಆಗ ನನಗೆ ಸಿಟ್ಟು ಬಂದಿತ್ತು. ರಕ್ತಕ್ಕೆ ಬೇರೆ ಕೆಲಸಗಳೂ ಇವೆ ಎಂದು ತಿಳಿಯಲು ಅಪ್ಪ ಆಸ್ಪತ್ರೆ ಸೇರಬೇಕಾಯಿತು.

ಕಳೆದ ಅಡಿಕೆ ಕೊಯ್ಲಿನ ದಿನಗಳು. ನಮ್ಮದು ಆನಂದಪುರದ ಹತ್ತಿರದ ಕೇರಿ. ಅಪ್ಪ ಅಡಿಕೆ ತೋಟದ ಕೂಲಿ. ಕೊನೆ ಹೊರುವುದು, ಹಂಡೆಗೆ ಬೆಂಕಿ ಹಾಕುವುದು, ಹೊತ್ತು ಮುಳುಗಿದ ಮೇಲೂ ಸುಲಿಯುವವರ ಮುಂದೆ ರಾಶಿ ಸುರಿಯುವುದು. ವಯಸ್ಸು ಐವತ್ತನಾಲ್ಕು ಎಂದು ಆಧಾರ್ ಕಾರ್ಡು ಹೇಳುತ್ತದೆ. ಅವ್ವ ಬೇರೆ ಹೇಳುತ್ತಾಳೆ. ಆ ದಿನ ಬೆಳಗ್ಗೆ ಏಳಕ್ಕೆ ಅಂಗಳದಲ್ಲಿ ಕೂತು, "ಎದಿ ಮೇಲೆ ಯಾರೋ ಚೀಲ ಇಟ್ಟಂಗೆ ಆಗ್ತೈತೆ" ಅಂದ. ನಾವೆಲ್ಲ ಒಟ್ಟಿಗೇ ಹೇಳಿದೆವು: ಗ್ಯಾಸ್ಟ್ರಿಕ್. ಅಂಗಡಿಯಿಂದ ಲಿಂಬೆ ಸೋಡ ತಂದದ್ದು ನಾನೇ. ಪದವಿ ಮುಗಿಸಿದವಳು, ಮನೆಯಲ್ಲಿ ನಾಲ್ಕಕ್ಷರ ಕಲಿತವಳು ಅಂತ ಇರುವುದು ನಾನೊಬ್ಬಳೇ. ಸೋಡ ತಂದುಕೊಟ್ಟೆ.

ಎಂಟೂವರೆಗೆ ಒಂದು ಕಡೆ ತೋರಿಸಿದೆವು. ಸೊಂಟಕ್ಕೆ ಗ್ಯಾಸಿನ ಇಂಜೆಕ್ಷನ್ನು ಕೊಟ್ಟು ಕಳಿಸಿದರು. ಇಸಿಜಿ ಮಾಡಲಿಲ್ಲ. ಅಲ್ಲಿ ಆ ಯಂತ್ರ ಇತ್ತೋ ಇಲ್ಲವೋ ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಹತ್ತೂವರೆಗೆ ಅಪ್ಪನ ಬನಿಯನ್ನು ಹಿಂಡಿದರೆ ನೀರು ಬರುವಷ್ಟು ಬೆವರು. ಎಡಗೈ ಎತ್ತಲಾರ. ಅಡಿಕೆ ಸಾಗಿಸುವ ಗೂಡ್ಸ್ ಆಟೋದಲ್ಲಿ ಗೋಣಿ ಹಾಸಿ ಮಲಗಿಸಿದೆವು. ನಮ್ಮೂರಿನಿಂದ ಸಾಗರ ಮೂವತ್ತು ಕಿಲೋಮೀಟರಿನ ಒಳಗೆ, ಶಿವಮೊಗ್ಗ ನಲವತ್ತರ ಮೇಲೆ. ಎರಡೂ ಒಂದೇ ಹೆದ್ದಾರಿಯ ಎರಡು ತುದಿ. ಯಾವ ಕಡೆ ತಿರುಗಿಸಬೇಕು ಎಂದು ರಸ್ತೆಯ ಬದಿಯಲ್ಲಿ ಐದು ನಿಮಿಷ ಮಾತಾಡಿದೆವು. ಆ ಐದು ನಿಮಿಷ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿ ಇಸಿಜಿ ಕಾಗದ ಹೊರಬಂದ ಕೂಡಲೇ ಡಾಕ್ಟರು ಓಡಾಡತೊಡಗಿದರು. ಒಬ್ಬರು ಒಂದು ಕಾಗದ ತಂದು, "ಹೆಪ್ಪು ಕರಗಿಸೋ ಔಷಧಿ ಕೊಡ್ತೀವಿ. ನೂರರಲ್ಲಿ ಒಬ್ಬರಿಗೆ ಮಿದುಳಲ್ಲಿ ರಕ್ತ ಸೋರಬಹುದು. ಸಹಿ ಹಾಕಿ" ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ನನ್ನ ಕಡೆ ನೋಡಿ "ಗಂಡಸರು ಯಾರೂ ಬಂದಿಲ್ವಾ?" ಎಂದರು. ನಾನು ಸಹಿ ಹಾಕಿದೆ. ಅಪ್ಪನ ತೂಕ ಕೇಳಿದರು. ನಲವತ್ತೆಂಟು. ಮೂವತ್ತು ಮಿಲಿಗ್ರಾಂ ಟೆನೆಕ್ಟೆಪ್ಲೇಸ್, ಒಂದೇ ಸಲಕ್ಕೆ ರಕ್ತನಾಳಕ್ಕೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಹತ್ತು ನಿಮಿಷ. ಎದೆಯ ಮೇಲೆ ಚೀಲ ಬಿದ್ದು ಐದು ಗಂಟೆ ದಾಟಿತ್ತು.

ಈ ಐದು ಗಂಟೆಯ ಬೆಲೆ ನನಗೆ ಆಮೇಲೆ ಗೊತ್ತಾಯಿತು. ಗ್ರಾಮೀಣ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರು ಇದನ್ನು ಓದುತ್ತೀರಿ. ನಿಮ್ಮ ಮಕ್ಕಳ ಅಪ್ಪಂದಿರೂ ತೋಟದಲ್ಲೇ ಇರುವವರು. ಅದಕ್ಕೆ ವಿವರವಾಗಿ ಬರೆಯುತ್ತೇನೆ. ಹೃದಯಕ್ಕೆ ರಕ್ತ ಕೊಡುವ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ಗುಳ್ಳೆಯಂತೆ ಆಗಿರುತ್ತದೆ. ಅದು ಒಂದು ದಿನ ಒಡೆಯುತ್ತದೆ. ಒಡೆದ ಗಾಯವನ್ನು ಮುಚ್ಚಲು ದೇಹ ಅಲ್ಲಿಯೇ ಹೆಪ್ಪು ಕಟ್ಟುತ್ತದೆ. ಕಾಲಿಗೆ ಕತ್ತಿ ತಾಗಿದಾಗ ಪ್ರಾಣ ಉಳಿಸುವ ಅದೇ ಹೆಪ್ಪು ಇಲ್ಲಿ ದಾರಿ ಕಟ್ಟಿಬಿಡುತ್ತದೆ. ಆಚೆಯ ಮಾಂಸ ಅರ್ಧ ಗಂಟೆಯೊಳಗೇ ಸಾಯಲು ಶುರು. ಆರು ಗಂಟೆಯ ಹೊತ್ತಿಗೆ ಸಾಯಬೇಕಾದ್ದು ಬಹುಪಾಲು ಸತ್ತಿರುತ್ತದೆ. ಔಷಧಿ ಮೊದಲ ಮೂರು ಗಂಟೆಯಲ್ಲಿ ಸಿಕ್ಕರೆ ಒಳ್ಳೆಯದು, ಹನ್ನೆರಡು ಗಂಟೆಯ ತನಕ ಸ್ವಲ್ಪವಾದರೂ ಉಪಯೋಗ. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಔಷಧಿ ತಾನೇ ಹೆಪ್ಪನ್ನು ಕರಗಿಸುವುದಿಲ್ಲ. ನಮ್ಮ ರಕ್ತದಲ್ಲೇ ಪ್ಲಾಸ್ಮಿನೋಜೆನ್ ಎಂಬುದು ಮಲಗಿರುತ್ತದೆ. ಔಷಧಿ ಅದನ್ನು ಎಬ್ಬಿಸುತ್ತದೆ. ಎದ್ದದ್ದು ಹೆಪ್ಪಿನ ಎಳೆಗಳನ್ನು ಕತ್ತರಿಸುತ್ತದೆ. ನನ್ನೊಳಗಿನ ಬಂಡಾಯದ ಕವಿ ಇದನ್ನು ಕೇಳಿದ ಕೂಡಲೇ ಪದ್ಯ ಮಾಡಲು ಹೊರಟಳು. ತಡೆದೆ. ಇಪ್ಪತ್ತೇಳೇ ಸಾಕು.

ಈ ಔಷಧಿಯ ಮೊದಲ ರೂಪ ಸ್ಟ್ರೆಪ್ಟೋಕೈನೇಸ್. ಗಂಟಲು ನೋವು ತರುವ ಜಾತಿಯ ರೋಗಾಣು ಹೆಪ್ಪು ಕರಗಿಸುತ್ತದೆ ಎಂದು ಅಮೆರಿಕದ ವಿಲಿಯಂ ಟಿಲೆಟ್ 1933ರಲ್ಲಿ ತೋರಿಸಿದರು. ಅದು ಹೃದಯಾಘಾತದಲ್ಲಿ ಪ್ರಾಣ ಉಳಿಸುತ್ತದೆ ಎಂಬುದು ಗಟ್ಟಿಯಾಗಲು ಅರ್ಧ ಶತಮಾನ ಹಿಡಿಯಿತು. 1986ರಲ್ಲಿ ಇಟಲಿಯ ಜಿಸ್ಸಿ ಪರೀಕ್ಷೆಯ ಫಲ ಬಂತು. ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳು. ಔಷಧಿ ಸಿಗದ ಗುಂಪಿನಲ್ಲಿ ನೂರಕ್ಕೆ 13 ಮಂದಿ ಸತ್ತರೆ, ಸಿಕ್ಕವರಲ್ಲಿ 11ಕ್ಕಿಂತ ಕಡಿಮೆ. ಮೊದಲ ಒಂದು ಗಂಟೆಯೊಳಗೆ ಸಿಕ್ಕವರಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. 1988ರ ಇನ್ನೊಂದು ಪರೀಕ್ಷೆಯಲ್ಲಿ 17,187 ಜನ. ಅದರಲ್ಲಿ ಆಸ್ಪಿರಿನ್ ಎಂಬ ನಾಲ್ಕಾಣೆಯ ಮಾತ್ರೆಯೂ ಸೇರಿದರೆ ಇನ್ನೂ ಹೆಚ್ಚು ಜನ ಬದುಕುತ್ತಾರೆ ಎಂದು ತಿಳಿಯಿತು. ನಮ್ಮ ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಲವತ್ತಾರನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಿನಲ್ಲಿ ಹೃದಯಜ್ಯೋತಿ ಎಂಬ ಯೋಜನೆ ಬಂತು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಟೆನೆಕ್ಟೆಪ್ಲೇಸನ್ನು ಪುಕ್ಕಟೆ ಕೊಡುವ ಏರ್ಪಾಡು. ಹೊರಗೆ ಕೊಂಡರೆ ಈ ಒಂದು ಇಂಜೆಕ್ಷನ್ನಿಗೆ ಅಪ್ಪನ ಒಂದು ಇಡೀ ಕೊಯ್ಲಿನ ಕೂಲಿ ಹೋಗುತ್ತದೆ. ಮಂಗಳೂರಿನ ಹೃದಯ ವೈದ್ಯ ಪದ್ಮನಾಭ ಕಾಮತರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸಾಪಿನಲ್ಲಿ ಕಾಗದದ ಚಿತ್ರ ತರಿಸಿಕೊಂಡು ನೋಡುವ ಕೆಲಸವನ್ನು ಅದಕ್ಕೂ ಮೊದಲೇ ಶುರುಮಾಡಿದ್ದರು. ಇವನ್ನೆಲ್ಲ ನಾನು ಸೋಡ ತರುವ ಮೊದಲು ಓದಿರಬೇಕಿತ್ತು.

ಅಪ್ಪ ಉಳಿದ. ನಲವತ್ತು ನಿಮಿಷಕ್ಕೆ "ಚೀಲ ಇಳೀತು" ಅಂದ. ಒಸಡಿನಲ್ಲಿ ಸ್ವಲ್ಪ ರಕ್ತ ಬಂತು. ಸೂಜಿ ಚುಚ್ಚಿದ ಜಾಗವೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅಂದು ಸಂಜೆ ಒಬ್ಬ ಎಳೆಯ ಡಾಕ್ಟರಮ್ಮ ಬಂದರು. ಮುಂದಿನ ಓದು ಓದುತ್ತಿರುವವರು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು ಇರಬೇಕು. ಕೈಯಲ್ಲಿ ನೀಲಿ ಮುಚ್ಚಳದ ಸಣ್ಣ ಕೊಳವೆಗಳು. "ಚುಚ್ಚುಮದ್ದಿಗೆ ಮೊದಲು ತೆಗೆದ ರಕ್ತ ಸ್ವಲ್ಪ ಉಳಿದಿದೆ. ನಾಳೆ ಒಂದ್ಸಲ, ಮನೆಗೆ ಹೋಗೋ ದಿನ ಒಂದ್ಸಲ ತಗೋಬೇಕು. ನನ್ನ ಪ್ರಬಂಧಕ್ಕೆ" ಎಂದರು. ಕೊಟ್ಟ ಫಾರಂ ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಇದೆ, ಖಾಲಿಯಾಗಿದೆ, ನಾಳೆ ತರ್ತೀನಿ ಎಂದರು. ರೋಗಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಕೇಳಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಸುಮ್ಮನೆ ಹಟಕ್ಕೆ ಬಿದ್ದು "ಕನ್ನಡದ್ದು ಬರ್ಲಿ" ಅಂದೆ.

ಮಾತು ಕೇಳಿಸಿಕೊಂಡ ಅವ್ವ ನನ್ನನ್ನು ಹೊರಗೆ ಕರೆದುಕೊಂಡು ಹೋದಳು. "ರಕ್ತ ಕೊಡೂದು ಬ್ಯಾಡ. ಹಂದಿಗೋಡಲ್ಲಿ ಎಂತ ಆತು ನೆನಪೈತಾ?"

ನನಗೆ ನೆನಪಿರಲು ಸಾಧ್ಯವಿಲ್ಲ, ನಾನು ಹುಟ್ಟಿರಲಿಲ್ಲ. ಆದರೆ ನಮ್ಮ ಕಡೆಯ ಕೇರಿಗಳಲ್ಲಿ ಇದು ಕೇಳಿ ಬೆಳೆಯುವ ಕತೆ. ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಅಲ್ಲಿಯ ದಲಿತ ಕೇರಿಗಳಲ್ಲಿ ಜನರ ಸೊಂಟ, ಮಂಡಿ ಹಿಡಿದುಕೊಳ್ಳುತ್ತಿದೆ ಎಂದು ಹೊರಜಗತ್ತಿಗೆ ಗೊತ್ತಾಯಿತು. ಎಳೆಯ ವಯಸ್ಸಿನವರು ಕೋಲು ಹಿಡಿದರು, ಕೆಲವರು ತೆವಳಿದರು. ಹೊಲದ ಏಡಿ ತಿಂದು ಹೀಗಾಯಿತು, ಗದ್ದೆಗೆ ಹೊಡೆದ ಔಷಧಿ ಏಡಿಯಲ್ಲಿ ಸೇರಿತ್ತು ಎಂದರು. ಬಡವರು ತಿಂದದ್ದೇ ತಪ್ಪು! ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯವರು ಬಂದರು, ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬಂಥ ಹೆಸರಿಟ್ಟರು. ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ವಂಶದಲ್ಲಿ ಇಳಿದು ಬರುವ ಎಲುಬಿನ ರೋಗ ಎಂಬಲ್ಲಿಗೆ ಬಂದು ನಿಂತರು. ಪ್ರತಿ ಸಲವೂ ರಕ್ತ ತೆಗೆದರು. ಕಾಯಿಲೆ ಇವತ್ತಿಗೂ ವಾಸಿಯಾಗುವಂಥದ್ದಲ್ಲ. ನೋವಿಗೆ ಮಾತ್ರೆ, ಕೆಲವರಿಗೆ ಶಸ್ತ್ರಚಿಕಿತ್ಸೆ. ಬಂದವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ಕಾಯಿಲೆಯ ಮೂಲ ಹುಡುಕದೆ ಔಷಧಿ ಎಲ್ಲಿಂದ ಬರಬೇಕು? ಆದರೆ ರಕ್ತ ಕೊಟ್ಟ ಮುದುಕಿಗೆ ರಕ್ತ ಏನು ಹೇಳಿತು ಎಂದು ಹಿಂದೆ ಬಂದು ಹೇಳಿದವರು ಯಾರು ಎಂದು ಅವ್ವನನ್ನು ಕೇಳಿದರೆ ಅವಳ ಹತ್ತಿರ ಉತ್ತರವಿಲ್ಲ. ಅವಳಿಗೆ ಉಳಿದಿರುವುದು ಸೂಜಿಯ ನೆನಪು ಮಾತ್ರ.

ಮಾರನೆಯ ಬೆಳಗ್ಗೆ ಡಾಕ್ಟರಮ್ಮ ಕನ್ನಡದ ಫಾರಂ ತಂದರು. ಮಾತಿಗೆ ತಪ್ಪಲಿಲ್ಲ, ಅದಕ್ಕೆ ಮೊದಲ ಮಾರ್ಕು. ಆದರೆ ಆ ಕನ್ನಡ! "ಅಂತಃಸ್ತರ ಕೋಶಗಳ ಹಾನಿಯ ಜೈವಿಕ ಸೂಚಕಗಳು" ಎಂದಿತ್ತು. ಕನ್ನಡ ಐಚ್ಛಿಕ ಓದಿದವಳು ನಾನು. ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. "ಇದನ್ನ ನಮ್ಮಪ್ಪಂಗೆ ಹ್ಯಾಗೆ ಓದಿ ಹೇಳ್ಲಿ?" ಎಂದೆ. ಅವರು ಗಡಿಯಾರ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು.

"ರಕ್ತನಾಳ ಅಂದ್ರೆ ಬರೇ ಪೈಪಲ್ಲ" ಎಂದು ಶುರುಮಾಡಿದರು. ಒಳಗೆ ಒಂದು ಸಾರಣೆ ಇದೆ. ಒಂದೇ ಒಂದು ಜೀವಕೋಶದಷ್ಟು ದಪ್ಪ. ಜೀವಂತ ಸಾರಣೆ. ರಕ್ತ ಅಂಟದಂತೆ, ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದೇ. ಅದಕ್ಕೆ ಗಾಯವಾದರೆ ಅದು ತನ್ನೊಳಗೆ ಕೂಡಿಟ್ಟುಕೊಂಡದ್ದನ್ನು ರಕ್ತಕ್ಕೆ ಚೆಲ್ಲುತ್ತದೆ. ಚೆಲ್ಲುವ ವಸ್ತುಗಳಲ್ಲಿ ಒಂದರ ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಉದ್ದುದ್ದ ದಾರದಂಥದ್ದು. ಹರಿಯುವ ರಕ್ತದಲ್ಲಿ ಹೋಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ಗಾಯದ ಮೇಲೆ ಕೂರಿಸುತ್ತದೆ. ಇನ್ನೊಂದು ಥ್ರಾಂಬೋಮಾಡ್ಯುಲಿನ್. ಅದು ಸಾರಣೆಯ ಮೈಗೇ ಅಂಟಿಕೊಂಡಿರುವುದು. ಸಾರಣೆ ಕಿತ್ತುಬಂದರೆ ಅದರ ಚೂರುಗಳು ರಕ್ತದಲ್ಲಿ ತೇಲುತ್ತವೆ. ಕೆಲವು ಸಲ ಸಾರಣೆಯ ಜೀವಕೋಶವೇ ಇಡಿಯಾಗಿ ಕಳಚಿ ತೇಲುತ್ತದೆ. ಟ್ರೋಪೋನಿನ್ ಎಂದು ಎಲ್ಲ ಆಸ್ಪತ್ರೆಯಲ್ಲೂ ನೋಡುತ್ತಾರಲ್ಲ, ಅದು ಹೃದಯದ ಮಾಂಸ ಎಷ್ಟು ಸತ್ತಿತು ಎಂದು ಹೇಳುತ್ತದೆ. ಇವು ನಾಳದ ಗೋಡೆಗೆ ಏನಾಯಿತು ಎಂದು ಹೇಳುತ್ತವೆ.

"ಹೆಪ್ಪು ಕರಗಿತಲ್ಲ, ಇನ್ನೆಂತ ಗಾಯ?" ಅಪ್ಪ ಕೇಳಿದ. ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ.

ಅದೇ ಪ್ರಶ್ನೆ ಎಂದರು ಅವರು. ಕಟ್ಟಿದ್ದು ಬಿಚ್ಚಿಕೊಂಡು ರಕ್ತ ಮತ್ತೆ ನುಗ್ಗಿ ಬಂದಾಗ, ಆ ಬರುವಿಕೆಯೇ ಒಂದು ಏಟು. ಹಸಿದು ಕೂತ ಮಾಂಸಕ್ಕೆ, ಗೋಡೆಗೆ ಒಮ್ಮೆಲೆ ಆಮ್ಲಜನಕ ಬಂದರೆ ಅಲ್ಲೇ ವಿಷದಂಥ ಕಣಗಳು ಹುಟ್ಟುತ್ತವೆ. ಗೋಡೆ ಊದಿಕೊಳ್ಳುತ್ತದೆ. ದೊಡ್ಡ ನಾಳ ತೆರೆದರೂ ಅದರಾಚೆಯ ಕೂದಲೆಳೆಯ ನಾಳಗಳು ಮುಚ್ಚಿಯೇ ಇರಬಹುದು. 1974ರಷ್ಟು ಹಿಂದೆಯೇ ನಾಯಿಗಳ ಹೃದಯದಲ್ಲಿ ಇದನ್ನು ತೋರಿಸಿದ್ದಾರೆ.

ಅಪ್ಪನಿಗೆ ಇದು ಫಟ್ಟನೆ ಅರ್ಥವಾಯಿತು. ನನಗಿಂತ ಮೊದಲು. "ಕೆರೆ ತೂಬು ಎತ್ತಿದ್ರೆ ದೊಡ್ಡ ಕಾಲುವೆಗೆ ನೀರು ಬರ್ತೈತೆ. ಕಡೇ ಗದ್ದೆಗೆ ಬರೂದಿಲ್ಲ. ಸಣ್ಣ ಕಾಲುವೆ ಎಲ್ಲ ಹೂಳು ತುಂಬಿರ್ತೈತಲ್ಲ. ಮತ್ತೆ ನೀರು ನುಗ್ಗಿದ ರಭಸಕ್ಕೆ ದಂಡೆ ಕೊಚ್ಚಿ ಹೋಗ್ತೈತೆ" ಅಂದ. ಡಾಕ್ಟರಮ್ಮ ಅವನನ್ನೇ ನೋಡಿದರು. "ಇದನ್ನ ನಾನು ವೈವಾದಲ್ಲಿ ಹೇಳ್ಬಹುದಾ?" ಎಂದು ಕೇಳಿದರು. ಅಪ್ಪನಿಗೆ ವೈವಾ ಎಂದರೆ ಏನೆಂದು ಗೊತ್ತಿಲ್ಲ. ಹೇಳಿ ಎಂದ.

ಕಡೇ ಗದ್ದೆ ಯಾರದ್ದಾಗಿರುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮೂರ ಬಳಿ ಮಲಂದೂರಿನಲ್ಲಿ ಚಂಪಕ ಸರಸಿ ಇದೆ, ಕೆಳದಿ ಅರಸರ ಕಾಲದ ಕೊಳ, ಜಂಬಿಟ್ಟಿಗೆಯ ಮೆಟ್ಟಿಲು. ಬೆಸ್ತರ ಹುಡುಗಿ ಚಂಪಕಳನ್ನು ಅರಸ ಮೆಚ್ಚಿದ, ಜನರ ಆಡಿಕೆಗೆ ನೊಂದು ಅವಳು ಪ್ರಾಣ ಬಿಟ್ಟಳು, ಅವಳ ನೆನಪಿಗೆ ಕೊಳ ಕಟ್ಟಿಸಿದ ಎಂಬುದು ಜನ ಹೇಳುವ ಕತೆ. ಹುಡುಗಿ ಬದುಕಿದ್ದಾಗ ಊರು ಕೊಡದ ಮರ್ಯಾದೆಯನ್ನು ಸತ್ತ ಮೇಲೆ ಕಲ್ಲಿನಲ್ಲಿ ಕಟ್ಟುವುದು ಹಳೆಯ ಪದ್ಧತಿ.

ಇದು ನೆನಪಾದದ್ದಕ್ಕೆ ಕಾರಣವಿದೆ. ಆ ವಾನ್ ವಿಲ್ಲೆಬ್ರಾಂಡ್ ಯಾರು ಎಂದು ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿ ಓದಿದೆ. ಫಿನ್ಲೆಂಡಿನ ವೈದ್ಯ. ಸ್ವೀಡನ್ನಿಗೂ ಫಿನ್ಲೆಂಡಿಗೂ ನಡುವೆ ಆಲಂಡ್ ಎಂಬ ದ್ವೀಪಗಳಿವೆ. ಅಲ್ಲಿಯ ಒಬ್ಬ ಐದು ವರ್ಷದ ಹುಡುಗಿಯನ್ನು ಅವನ ಬಳಿ ತಂದರು. ಸಣ್ಣ ಗಾಯವಾದರೂ ರಕ್ತ ನಿಲ್ಲದು. ಒಡಹುಟ್ಟಿದವರಲ್ಲೂ ಅದೇ ಕಾಯಿಲೆ, ಅದರಿಂದಲೇ ಸತ್ತವರೂ ಇದ್ದರು. 1926ರಲ್ಲಿ ಅವನು ಈ ಕುಟುಂಬದ ಬಗ್ಗೆ ಬರೆದ. ಮುಂದೆ ಆ ಹುಡುಗಿ ಮುಟ್ಟಾಗತೊಡಗಿದ ಹೊಸತರಲ್ಲಿ, ಸ್ರಾವ ನಿಲ್ಲದೆ ತೀರಿಕೊಂಡಳು. ಅವಳ ರಕ್ತದಲ್ಲಿ ಇಲ್ಲದೇ ಇದ್ದದ್ದೇ ಈ ವಸ್ತು. ಅವಳಲ್ಲಿ ಇಲ್ಲದ್ದರಿಂದ ಅದು ಇದೆ ಎಂದು ಲೋಕಕ್ಕೆ ಗೊತ್ತಾಯಿತು. ಅದನ್ನು ನಾಳದ ಸಾರಣೆ ಸಣ್ಣ ಕಡ್ಡಿಯಂಥ ಚೀಲಗಳಲ್ಲಿ ಕೂಡಿಡುತ್ತದೆ. ಆ ಚೀಲಗಳನ್ನು 1964ರಲ್ಲಿ ವೈಬೆಲ್ ಮತ್ತು ಪಲಾಡೆ ಎಂಬಿಬ್ಬರು ಸೂಕ್ಷ್ಮದರ್ಶಕದಲ್ಲಿ ಕಂಡರು. ಚೀಲಕ್ಕೆ ಅವರಿಬ್ಬರ ಹೆಸರು. ವಸ್ತುವಿಗೆ ವೈದ್ಯನ ಹೆಸರು. ಹುಡುಗಿಯ ಹೆಸರು ಯಾವ ಅಣುವಿಗೂ ಬರಲಿಲ್ಲ.

ಆದರೂ ನಾನು ಅವಳಿಗೆ ಋಣಿ. ಇಟಲಿಯ ಆ ಹನ್ನೊಂದು ಸಾವಿರ ಜನಕ್ಕೂ ಋಣಿ. ಅವರಲ್ಲಿ ಅರ್ಧ ಜನ ಔಷಧಿ ಸಿಗದ ಗುಂಪಿನಲ್ಲಿದ್ದರು. ಅವರು ಹಾಗೆ ಇದ್ದದ್ದರಿಂದ ಔಷಧಿಯ ಬೆಲೆ ತಿಳಿಯಿತು, ಅಪ್ಪನ ತೋಳಿಗೆ ಅದು ಬಂತು. ಯಾರೋ ತಮ್ಮ ರಕ್ತ ಕೊಡದೆ ನನ್ನ ಅಪ್ಪ ಉಳಿಯುತ್ತಿರಲಿಲ್ಲ. ಒಂದು ಕಡೆ ಇದು. ಇನ್ನೊಂದು ಕಡೆ ಅವ್ವ ಮತ್ತು ಹಂದಿಗೋಡು. ಆ ವರಾಂಡದಲ್ಲಿ ನಾನು ತೂಗಿದ ತಕ್ಕಡಿ ಇದು. ಪಕ್ಕದಲ್ಲಿ ಯಾರದೋ ಮಗು ಅಳುತ್ತಿತ್ತು, ಸೊಳ್ಳೆ ಬೇರೆ.

ಬೆಳಗ್ಗೆ ಡಾಕ್ಟರಮ್ಮನಿಗೆ ನೇರವಾಗಿ ಕೇಳಿದೆ. "ಇದರಿಂದ ನಮ್ಮಪ್ಪಂಗೆ ಎಂತ ಉಪಯೋಗ?"

"ಈಗ ಏನೂ ಇಲ್ಲ" ಅಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಂಕಿ ಎಷ್ಟೇ ಬಂದರೂ ಅವರಿಗೆ ಕೊಡುವ ಮಾತ್ರೆ ಬದಲಾಗುವುದಿಲ್ಲ. ಆಸ್ಪಿರಿನ್, ಕೊಬ್ಬಿನ ಮಾತ್ರೆ, ಆಂಜಿಯೋಗ್ರಾಂ ಎಲ್ಲ ಹಾಗೇ. ಟೆನೆಕ್ಟೆಪ್ಲೇಸ್ ಪಡೆದವರಲ್ಲೇ ಹೊರದೇಶದಲ್ಲಿ ಮಾಡಿದ ಒಂದು ಅಧ್ಯಯನ 2005ರಲ್ಲಿ ಬಂದಿದೆ. ಮೊದಲ ಎರಡು ಮೂರು ದಿನದಲ್ಲಿ ಈ ವಾನ್ ವಿಲ್ಲೆಬ್ರಾಂಡ್ ಜಾಸ್ತಿ ಏರಿದವರಿಗೆ ಒಂದು ತಿಂಗಳೊಳಗೆ ಸಾವು, ಮತ್ತೆ ಆಘಾತ ಹೆಚ್ಚು ಎಂದು ಅದು ಹೇಳಿತು. ಹಾಗಂತ ಒಬ್ಬ ರೋಗಿಯ ಒಂದು ಅಂಕಿ ನೋಡಿ ಭವಿಷ್ಯ ಹೇಳಲು ಬರುವುದಿಲ್ಲ. ಜ್ವರ ಬಂದರೂ ಅದು ಏರುತ್ತದೆ, ವಯಸ್ಸಾದರೂ ಏರುತ್ತದೆ, ಬಸುರಿಯರಲ್ಲೂ ಏರುತ್ತದೆ. ಓ ಗುಂಪಿನ ರಕ್ತದವರಲ್ಲಿ ಹುಟ್ಟಾ ಕಾಲುಭಾಗ ಕಡಿಮೆ ಇರುತ್ತದೆ.

"ಹಾಗಾದ್ರೆ ಸಾಧಾರಣ ಅಂತ ಯಾರನ್ನ ನೋಡಿ ಬರೀತಾರೆ?"

ಅವರು ನಕ್ಕರು. ಪರೀಕ್ಷೆಯ ಪೆಟ್ಟಿಗೆಯ ಮೇಲೆ ಸುಮಾರು 50ರಿಂದ 150 ಎಂದು ಛಾಪಿಸಿರುತ್ತದೆ, ನಿಜವಾಗಿ ಪ್ರತಿ ಪ್ರಯೋಗಾಲಯವೂ ತನ್ನ ಊರಿನ ಆರೋಗ್ಯವಂತರ ರಕ್ತ ನೋಡಿ ತಾನೇ ಅಳತೆ ಕಟ್ಟಿಕೊಳ್ಳಬೇಕು ಎಂದರು. ನನಗೆ ಕಾಗೋಡು ನೆನಪಾಯಿತು. ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಒಂದು ಬೇರು ಕೊಳಗದಲ್ಲಿತ್ತು. ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು, ಅದನ್ನು ಗೊತ್ತು ಮಾಡುವವರು ಯಾರು? ಬೆಳೆದವರು ಅಳೆಯುವವರಲ್ಲ, ಅಳೆಯುವವರು ಬೆಳೆದವರಲ್ಲ. ಆಸ್ಪತ್ರೆಯ ಅಳತೆ ಜಮೀನ್ದಾರರ ಅಳತೆ ಎಂದು ನಾನು ಹೇಳುತ್ತಿಲ್ಲ, ಅಷ್ಟು ಸಲೀಸು ಮಾತಿಗೆ ಇಳಿಯಬಾರದು. ಆದರೆ ಒಂದು ಯೋಚನೆ ಬಂತು. ತೋಟದ ಕೂಲಿಯ ರಕ್ತ, ಬೀಡಿ ಸೇದಿ ಗಂಜಿ ಕುಡಿದು ನಲವತ್ತೆಂಟು ಕೇಜಿಗೆ ಬಂದು ನಿಂತವನ ರಕ್ತ, ಆ ಕೋಷ್ಟಕದಲ್ಲಿ ಇಲ್ಲದೆ ಹೋದರೆ, ನಾಳೆ ಇನ್ನೊಬ್ಬ ಕೂಲಿಯ ಗಾಯವನ್ನು ಯಾರ ಮೈಯ ಅಳತೆಯಲ್ಲಿ ಅಳೆಯುತ್ತಾರೆ? ರಕ್ತಕ್ಕೆ ಜಾತಿಯಿಲ್ಲ ಎಂದು ಭಾಷಣ ಮಾಡುವವರನ್ನು ಬಹಳ ಕೇಳಿದ್ದೇನೆ, ನಾನೂ ಬರೆದಿದ್ದೇನೆ. ರಕ್ತಕ್ಕೆ ಜಾತಿ ಇಲ್ಲದಿರಬಹುದು. ಅದು ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಬರುತ್ತದೆ ಎಂಬುದಕ್ಕೆ ಇದೆ. ಅಪ್ಪನ ಐದು ಗಂಟೆ ಆ ಕೊಳವೆಯೊಳಗೇ ಇದೆ.

ಇದೆಲ್ಲ ನನ್ನ ಯೋಚನೆ. ರಕ್ತ ಅಪ್ಪನದ್ದು. ಅವನನ್ನೇ ಕೇಳಿದೆ. ಅವ್ವ ಬೇಡ ಅನ್ನುತ್ತಾಳೆ ಎಂಬುದನ್ನೂ ಹೇಳಿದೆ. ಉಪಯೋಗ ಇಲ್ಲ ಎಂಬುದನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

"ಕೊಡ್ತೀನಿ ತಾಯಿ" ಎಂದು ಡಾಕ್ಟರಮ್ಮನಿಗೇ ಹೇಳಿದ. "ಆದ್ರೆ ಅದು ಎಂತ ಹೇಳ್ತು ಅಂತ ನನಗೆ ಬಂದು ಹೇಳ್ಬೇಕು. ಕಾಗದ ಬ್ಯಾಡ. ಬಾಯಲ್ಲಿ ಹೇಳ್ಬೇಕು."

ಅವರು ಒಪ್ಪಿದರು. ಹೆಬ್ಬೆಟ್ಟು ಒತ್ತಿಸಿಕೊಂಡರು, ಸಾಕ್ಷಿಗೆ ನಾನು. ನೇರಳೆಗಟ್ಟಿದ ತೋಳು ಬಿಟ್ಟು ಇನ್ನೊಂದು ತೋಳಿನಲ್ಲಿ ನರ ಹುಡುಕಿದರು. ಅವ್ವ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ರಕ್ತವನ್ನು ಗಿರಗಿರ ತಿರುಗಿಸಿ, ಮೇಲೆ ನಿಲ್ಲುವ ಹಳದಿ ತಿಳಿಯನ್ನು ಮಾತ್ರ ತೆಗೆದು, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಇಡುತ್ತಾರಂತೆ. ತೊಂಬತ್ತಾರು ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ಅಪ್ಪಂದಿರೆಲ್ಲ ಸೇರಿ ತಟ್ಟೆ ತುಂಬುವಷ್ಟಾದಾಗ ಒಂದೇ ದಿನ ನೋಡುತ್ತಾರೆ. ಗುಳಿಯಲ್ಲಿ ಬಣ್ಣ ಗಾಢವಾದಷ್ಟೂ ಅಂಕಿ ಹೆಚ್ಚು. ಅದಕ್ಕೇ ತಡ. ತಿಂಗಳುಗಳು ಕಳೆದವು. ಅಪ್ಪನಿಗೆ ಸ್ಟೆಂಟ್ ಹಾಕಿದರು. ತೋಟದ ಕೆಲಸ ಬಿಟ್ಟ, ಅಂದರೆ ಬಿಡಿಸಿದೆವು. ಬೀಡಿ ಬಿಟ್ಟೆನೆಂದು ಹೇಳುತ್ತಾನೆ. ನಾನು ಅರ್ಜಿಗಳನ್ನು ಹಾಕುತ್ತಾ, ಪಾಠ ಹೇಳುತ್ತಾ ಇದ್ದೆ. ಡಾಕ್ಟರಮ್ಮ ಮರೆತಿರಬೇಕು ಎಂದುಕೊಂಡೆ. ಅವ್ವ "ನಾ ಹೇಳ್ಲಿಲ್ವಾ" ಎಂದು ಎರಡು ಮೂರು ಸಲ ಅಂದಳು.

ಮಳೆ ಹಿಡಿದ ಮೇಲೆ ಒಂದು ಸಂಜೆ ಫೋನು ಬಂತು. ಬಂದು ಹೇಳಲು ಆಗಲಿಲ್ಲ, ಡ್ಯೂಟಿ, ಫೋನಿನಲ್ಲಿ ಹೇಳಲಾ ಎಂದು ಕೇಳಿದರು. ಸ್ಪೀಕರಿಗೆ ಹಾಕಿ ಅಪ್ಪನ ಮುಂದೆ ಹಿಡಿದೆ. ಚುಚ್ಚುಮದ್ದಿಗೆ ಮೊದಲು 168. ಮಾರನೆಯ ದಿನ 312. ಮನೆಗೆ ಹೋದ ದಿನ 224. "ನಿಮ್ಮದು ಓ ಗುಂಪು. ಆ ಲೆಕ್ಕದಲ್ಲಿ ಎರಡನೇ ದಿನದ್ದು ಇನ್ನೂ ಜಾಸ್ತೀನೇ ಅನ್ಬೇಕು. ಆಮೇಲೆ ಇಳೀತಾ ಬಂದಿದೆ" ಎಂದರು.

"ಈಗ ಗೋಡೆ ಸರಿ ಆಗೈತಾ?" ಅಪ್ಪ ಕೇಳಿದ.

"ಅದು ಇದರಿಂದ ಗೊತ್ತಾಗಲ್ಲಪ್ಪ. ಮಾತ್ರೆ ಬಿಡಬೇಡಿ."

ಫೋನು ಇಟ್ಟ ಮೇಲೆ ಅಪ್ಪ, "ಎರಡನೇ ದಿನ ನಾನು ನಗಾಡ್ತಾ ಇದ್ನಲ್ಲ, ಇಡ್ಲಿ ತಿಂದೆ" ಎಂದ. ತನ್ನ ಮೈಯೊಳಗೆ ಮುನ್ನೂರಹನ್ನೆರಡು ಕೂಗುತ್ತಿದ್ದಾಗ ತನಗೇ ಕೇಳಿಸಲಿಲ್ಲ ಎಂಬುದು ಅವನಿಗೆ ಸೋಜಿಗ. ನಮ್ಮ ಅಡಿಗೆ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಕೂಲಿಯ ಲೆಕ್ಕ ಇದೆ. ಯಾವ ತೋಟದಲ್ಲಿ ಎಷ್ಟು ದಿನ, ಯಾರು ಎಷ್ಟು ಉಳಿಸಿಕೊಂಡಿದ್ದಾರೆ ಎಂದು ಇದ್ದಲಿನಲ್ಲಿ ಎಳೆದ ಗೀಟುಗಳು. ನಾನು ಅಕ್ಷರ ಕಲಿತ ಮೇಲೆ ಅದರ ಪಕ್ಕ ಅಂಕಿಗಳೂ ಬಂದಿವೆ. ಅಪ್ಪ ಒಲೆಯಿಂದ ಒಂದು ಇದ್ದಲು ತಂದು ನನ್ನ ಕೈಗೆ ಕೊಟ್ಟ.

"ಬರಿ. ಮೂರೂ ಬರಿ."

ಬರೆದೆ. 168, 312, 224. ಅವ್ವ ಒಳಗಿನಿಂದ ಬಂದು ಸೆರಗಿಗೆ ಕೈ ಒರೆಸುತ್ತಾ ನೋಡಿದಳು.

"ಇದು ಯಾರ ತೋಟದ್ದು? ನಮಗೆ ಬರಬೇಕಾದ್ದಾ, ನಾವು ಕೊಡಬೇಕಾದ್ದಾ?"

"ಇರ್ಲಿ, ಅಳಿಸಬ್ಯಾಡ" ಅಂದ ಅಪ್ಪ.